ಒಡೆಯರಪಾಳ್ಯದ ಟಿಬೆಟನ್ನರು ಮತ್ತು ನಿರಾಶ್ರಿತರ ಹಕ್ಕು

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ, ತಮಿಳುನಾಡಿನ ಗಡಿಗೆ ಸಮೀಪದ ಒಡೆಯರಪಾಳ್ಯದ ಬಳಿ ಇರುವ ಟಿಬೆಟನ್ ನಿರಾಶ್ರಿತರ ವಸಾಹತಿನ ಹೆಸರು ಧೋಂಡೆನ್‌ಲಿಂಗ್. ಸುತ್ತಲಿನ ಜನ ಇದನ್ನು ಕರೆಯುವುದು ‘ಟಿಬೆಟ್ ಕ್ಯಾಂಪು’ ಎಂದು. 1973-74ರಲ್ಲಿ ನೆಲೆಗೊಂಡ ಇದು ಕರ್ನಾಟಕದ ಐದು ಟಿಬೆಟನ್ ವಸಾಹತುಗಳಲ್ಲಿ ಒಂದು. ಉಳಿದವು ಬೈಲಕುಪ್ಪೆಯ ಎರಡು, ಹುಣಸೂರಿನ ಒಂದು ಮತ್ತು ಮುಂಡಗೋಡಿನ ಒಂದು. ಭಾರತದಲ್ಲಿ ನಿರಾಶ್ರಿತರ ಹಕ್ಕು ಹೇಗೆ ಹುಟ್ಟಿತು, ಎಲ್ಲಿ ನಿಂತಿತು, ಯಾರು ಅದನ್ನು ಮುಂದಕ್ಕೆ ತಳ್ಳಿದರು ಎಂಬುದನ್ನು ತಿಳಿಯಲು ಈ ಪುಟ್ಟ ವಸಾಹತಿನ ಐವತ್ತು ವರ್ಷದ ಬಾಳು ಒಳ್ಳೆಯ ಆಧಾರ.

ಮೊದಲು ಪದಗಳ ಮಾತು. ಹೊಟ್ಟೆಪಾಡಿಗೋ ಓದಿಗೋ ಸ್ವಇಚ್ಛೆಯಿಂದ ಊರು ಬಿಟ್ಟವರು ವಲಸಿಗರು. ಪ್ರಾಣಭಯ, ಮತಪೀಡೆ, ರಾಜಕೀಯ ದಮನಗಳಿಗೆ ಹೆದರಿ ದೇಶವನ್ನೇ ಬಿಟ್ಟವರು ನಿರಾಶ್ರಿತರು. ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಡಂಬಡಿಕೆ ಮತ್ತು 1967ರ ಪೂರಕ ಒಪ್ಪಂದ ಈ ಎರಡನೆಯವರಿಗೆ ಕೆಲವು ಹಕ್ಕುಗಳನ್ನು ಕೊಡುತ್ತವೆ. ಜೀವಕ್ಕೆ ಅಪಾಯವಿರುವ ಕಡೆಗೆ ಅವರನ್ನು ಮರಳಿ ಅಟ್ಟಬಾರದು ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಭಾರತ ಈ ಎರಡಕ್ಕೂ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನನ್ನೂ ಮಾಡಿಕೊಂಡಿಲ್ಲ. ಕನ್ನಡದ ‘ನಿರಾಶ್ರಿತ’ ಎಂಬ ಪದಕ್ಕೆ ಆಶ್ರಯವಿಲ್ಲದವನು ಎಂದರ್ಥ. ಮನೆ, ಹೊಲ, ಶಾಲೆ, ಗೊಂಪಾ (ಬೌದ್ಧ ಮಠ) ಎಲ್ಲವೂ ಸಿಕ್ಕಿ ಮೂರನೇ ತಲೆಮಾರು ಬೆಳೆದ ಮೇಲೂ ಒಡೆಯರಪಾಳ್ಯದವರಿಗೆ ಆ ಪದವೇ ಅಂಟಿಕೊಂಡಿದೆ. ಅವರಿಗೆ ಆಸರೆ ಸಿಕ್ಕಿದ್ದು ನಿಜ. ಆ ಆಸರೆ ಹಕ್ಕಾಗಿ ಪೂರ್ತಿ ಮಾಗಲಿಲ್ಲ ಎಂಬುದೂ ಅಷ್ಟೇ ನಿಜ.

ಸೀಮೆಯ ಹಿನ್ನೆಲೆ

ಕೊಳ್ಳೇಗಾಲದಿಂದ ಮಲೆಮಹದೇಶ್ವರ ಬೆಟ್ಟದ ಕಡೆಗೆ ಹೊರಟರೆ ಹನೂರಿಗೆ ಮೊದಲು ಕಾಮಗೆರೆ ಸಿಗುತ್ತದೆ. ಅಲ್ಲಿನ ಹೋಲಿಕ್ರಾಸ್ ಆಸ್ಪತ್ರೆ ಈ ಭಾಗದವರಿಗೆಲ್ಲ ಪರಿಚಿತ. ಹನೂರಿನಿಂದ ಲೊಕ್ಕನಹಳ್ಳಿಯ ಕಡೆ ತಿರುಗಿ ಒಳಕ್ಕೆ ಹೋದಂತೆ ಮುಸುಕಿನ ಜೋಳದ ಹೊಲಗಳೂ ಕುರುಚಲು ಕಾಡೂ ಒಂದರೊಳಗೊಂದು ಬೆರೆಯುತ್ತವೆ. ಅಲ್ಲಿ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಕಂಡರೆ ಕ್ಯಾಂಪು ಬಂತೆಂದು ಲೆಕ್ಕ.

ಈ ಸೀಮೆಗೆ ಹೊರಗಿನಿಂದ ಬಂದು ನೆಲೆ ನಿಲ್ಲುವುದು ಹೊಸತಲ್ಲ. ಏಳುಮಲೆಯ ಮಾದಪ್ಪ ಉತ್ತರ ದೇಶದಿಂದ ಬಂದವನು ಎಂದು ಕಂಸಾಳೆಯವರು ಹಾಡುತ್ತಾರೆ. ಮಂಟೇಸ್ವಾಮಿ ಕಲ್ಯಾಣ ಬಿಟ್ಟು ತೆಂಕಣಕ್ಕೆ ಬಂದವನು. ಅವನ ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆ ಇದೇ ಸೀಮೆಯ ಚಿಕ್ಕಲ್ಲೂರಿನಲ್ಲಿದೆ. ದೇವರುಗಳೇ ವಲಸೆ ಬಂದ ನೆಲ ಇದು. ಇನ್ನೊಂದು ಸಂಗತಿಯನ್ನೂ ನೆನೆಯಬೇಕು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ದಿನ ಬೆಳಗಾಗುವಷ್ಟರಲ್ಲಿ ಇಲ್ಲಿಯವರು ಇದ್ದ ಮನೆಯಲ್ಲೇ ಇದ್ದು ಬೇರೆ ರಾಜ್ಯದವರಾದರು. ಗಡಿ ಸರಿಯಿತು, ಆದರೆ ಅದಕ್ಕಾಗಿ ಯಾರ ಪೌರತ್ವವೂ ಹೋಗಲಿಲ್ಲ. ಅದಾದ ಸುಮಾರು ಎರಡೂವರೆ ವರ್ಷಕ್ಕೆ ಹಿಮಾಲಯದ ಆಚೆ ಆದದ್ದೇ ಬೇರೆ.

ಬಂದ ಬಗೆ

1959ರ ಮಾರ್ಚ್‌ನಲ್ಲಿ ಟಿಬೆಟ್‌ನ ರಾಜಧಾನಿ ಲ್ಹಾಸಾದ ದಂಗೆಯನ್ನು ಚೀನಾದ ಸೇನೆ ಅಡಗಿಸಿತು. 14ನೇ ದಲೈಲಾಮಾ ಆ ತಿಂಗಳ ಕೊನೆಗೆ ಭಾರತದ ಗಡಿ ದಾಟಿದರು. ಅವರ ಹಿಂದೆ ಬಂದವರು ಸುಮಾರು 80,000 ಜನ ಎನ್ನುತ್ತಾರೆ. ಆಚಾರ್ಯ ಜೆ.ಬಿ. ಕೃಪಲಾನಿಯವರ ನೇತೃತ್ವದಲ್ಲಿ ಕೇಂದ್ರ ಪರಿಹಾರ ಸಮಿತಿ ರೂಪುಗೊಂಡಿತು. ತಂಪು ನಾಡಿನಿಂದ ಬಂದ ಈ ಜನರನ್ನು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೂಲಿಗೆ ಹಚ್ಚಲಾಯಿತು. ಅಲ್ಲಿ ರೋಗಕ್ಕೆ ಸಿಕ್ಕಿ ಸತ್ತವರು ಹಲವರು. ಇವರನ್ನು ಒಟ್ಟಾಗಿ ಒಂದು ಕಡೆ ನೆಲೆಗೊಳಿಸಲು ಜಾಗ ಕೊಡಿ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಅತಿ ಹೆಚ್ಚು ಜಾಗ ಕೊಟ್ಟದ್ದು ಮೈಸೂರು ರಾಜ್ಯ. 1960ರ ಡಿಸೆಂಬರ್‌ನಲ್ಲಿ ಮೊದಲ ತಂಡ ಬೈಲಕುಪ್ಪೆಯ ಕಾಡಿಗೆ ಬಂದಿಳಿಯಿತು. ರಾಜ್ಯದ ಮುಖ್ಯಮಂತ್ರಿಯೂ ಆಗಿದ್ದ ಎಸ್. ನಿಜಲಿಂಗಪ್ಪನವರ ಔದಾರ್ಯವನ್ನು ದಲೈಲಾಮಾ ಮತ್ತೆ ಮತ್ತೆ ಬಹಿರಂಗವಾಗಿ ನೆನೆದಿದ್ದಾರೆ. 2018ರ ಆಗಸ್ಟ್‌ನಲ್ಲಿ ಟಿಬೆಟನ್ನರು ಬೆಂಗಳೂರಿನಲ್ಲಿ ‘ಥ್ಯಾಂಕ್ ಯು ಕರ್ನಾಟಕ’ ಎಂಬ ಸಮಾರಂಭವನ್ನೇ ನಡೆಸಿದರು. ಮರೆಹೊಕ್ಕವರನ್ನು ಕಾಯುವುದು ಕನ್ನಡ ನಾಡಿನ ಹಳೆಯ ಹಿರಿಮೆ. ಆ ಹಿರಿಮೆಗೆ ನಮ್ಮ ಕಾಲದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಕಾಣುವುದಿಲ್ಲ.

ಮುಂಡಗೋಡು 1966ರಲ್ಲಿ, ಹುಣಸೂರು 1972ರ ಹೊತ್ತಿಗೆ ಆದವು. ಒಡೆಯರಪಾಳ್ಯ ಕೊನೆಯದು. ಆಗ ದೇವರಾಜ ಅರಸು ಮುಖ್ಯಮಂತ್ರಿ. 1974 ಈ ಸೀಮೆಯ ನೆಲದ ಚರಿತ್ರೆಯಲ್ಲಿ ವಿಶೇಷವಾದ ವರ್ಷ. ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿದಾರ ಉಳುವ ಹೊಲಕ್ಕೆ ಒಡೆಯನಾಗುವ ದಾರಿ ತೆರೆಯಿತು. ಅದೇ ವರ್ಷ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವೆಂದು ಘೋಷಣೆಯಾಗಿ, ಯಳಂದೂರಿನ ಮೇಲಿನ ಕಾಡಿನಲ್ಲಿ ಹುಟ್ಟಿ ಬೆಳೆದ ಆದಿವಾಸಿ ಸೋಲಿಗರು ತಮ್ಮ ಹಳೆಯ ಪೋಡುಗಳನ್ನು, ಅಂದರೆ ಹಾಡಿಗಳನ್ನು, ಬಿಟ್ಟು ಅಂಚಿಗೆ ಬರಬೇಕಾಯಿತು. ಅದೇ ಹೊತ್ತಿಗೆ ಒಡೆಯರಪಾಳ್ಯದಲ್ಲಿ ಟಿಬೆಟನ್ನರು ಕಾಡು ಸವರಿ ಹೊಲ ಮಾಡುತ್ತಿದ್ದರು. ಉಳುಮೆಗೆ ನೆಲ ಬಂತು, ಆದರೆ ಗುತ್ತಿಗೆಯ ಮೇಲೆ. ಗೇಣಿದಾರನಿಗೆ ಸಿಕ್ಕ ಒಡೆತನ ಇವರಿಗೆ ಸಿಗಲಿಲ್ಲ. ಸೋಲಿಗರಿಗಂತೂ ಇದ್ದ ನೆಲೆಯೂ ತಪ್ಪಿತು.

ಮೈರಾಡ

ನಿರಾಶ್ರಿತರ ಪರವಾಗಿ ದುಡಿಯುವುದೆಂದರೆ ಭಾಷಣ, ಮನವಿ, ಮೊಕದ್ದಮೆಗಳಷ್ಟೇ ಅಲ್ಲ ಎಂಬುದಕ್ಕೆ ಮೈರಾಡ ಸಾಕ್ಷಿ. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬುದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಬಂದ ಈ ಹೆಸರು ಕೊಳ್ಳೇಗಾಲ, ಹನೂರು ಭಾಗದ ಮನೆಮನೆಗೂ ಗೊತ್ತು. ಆದರೆ ಅದು 1968ರಲ್ಲಿ ಹುಟ್ಟಿದ್ದು ಟಿಬೆಟನ್ ನಿರಾಶ್ರಿತರಿಗೆ ನೆಲೆ ಮಾಡಿಕೊಡಲಿಕ್ಕೆ ಎಂಬುದನ್ನು ಈಗ ನೆನಪಿಟ್ಟುಕೊಂಡವರು ಕಡಿಮೆ. ಸುಮಾರು 15,000 ಟಿಬೆಟನ್ನರ ಪುನರ್ವಸತಿಗೆ ಅದು ಹೆಗಲು ಕೊಟ್ಟಿತು. ನೆಲ ಹದ ಮಾಡುವುದು, ನೀರು, ಬಿತ್ತನೆ, ದನಕರು, ಸಹಕಾರ ಸಂಘ ಎಲ್ಲವೂ ಆ ಕೆಲಸದಲ್ಲಿ ಸೇರಿದ್ದವು. ಎತ್ತರದ ಒಣ ಬಯಲಿನಲ್ಲಿ ಯಾಕ್ ಮೇಯಿಸಿ, ಬಾರ್ಲಿ ಬೆಳೆದವರು ಮುಂಗಾರು ನಂಬಿ ಮುಸುಕಿನ ಜೋಳ ಬಿತ್ತುವುದನ್ನು ಕಲಿಯಬೇಕಿತ್ತು.

ಟಿಬೆಟನ್ನರು ಕಾಲೂರಿದ ಮೇಲೆ ಸಂಸ್ಥೆ ಸುತ್ತಲಿನ ಬಡ ಹಳ್ಳಿಗಳ ಕಡೆ ತಿರುಗಿತು. ಹೊರಗಿನವರಿಗೆ ಮಾಡಿದ್ದನ್ನು ಒಳಗಿನವರಿಗೂ ಮಾಡಬೇಕಲ್ಲವೇ ಎಂಬುದು ಸಹಜವಾದ ಪ್ರಶ್ನೆಯಾಗಿತ್ತು. ಅಲೋಷಿಯಸ್ ಫರ್ನಾಂಡಿಸ್ ಮುಖ್ಯಸ್ಥರಾಗಿದ್ದಾಗ, 1984-85ರ ಸುಮಾರಿಗೆ, ಅದು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆದುಹೋದವು. ಸದಸ್ಯರು ಪರಸ್ಪರ ನಂಬಿಕೆಯಿದ್ದ ಸಣ್ಣ ಸಣ್ಣ ಗುಂಪುಗಳಾಗಿ ಬಂದು, ಸಾಲವನ್ನು ದೊಡ್ಡ ಸಂಘಕ್ಕಲ್ಲ, ನಮ್ಮ ಗುಂಪಿನ ಮೂಲಕ ತೀರಿಸುತ್ತೇವೆ ಎಂದರು. ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕೂತು ಉಳಿತಾಯ ಕಟ್ಟಿ, ಸಾಲ ಕೊಟ್ಟು ತೆಗೆದುಕೊಳ್ಳುವ ಸ್ವಸಹಾಯ ಸಂಘದ ಒಂದು ಮುಖ್ಯ ಬೇರು ಇಲ್ಲಿದೆ. 1987ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಪ್ರಾಯೋಗಿಕವಾಗಿ ಶುರುವಾಗಿ, ಮುಂದೆ ದೇಶಕ್ಕೆಲ್ಲ ಹರಡಿತು. ನಿರಾಶ್ರಿತರಿಗಾಗಿ ಹುಟ್ಟಿದ ಸಂಸ್ಥೆಯೊಂದು ಈ ದೇಶದ ಲಕ್ಷಾಂತರ ಸಂಘದ ಹೆಣ್ಣುಮಕ್ಕಳಿಗೆ ದಾರಿ ತೋರಿತು. ಪರದೇಶದವರಿಗೆ ಕೊಟ್ಟರೆ ನಮ್ಮವರ ಪಾಲು ಕಡಿಮೆಯಾಗುತ್ತದೆ ಎನ್ನುವವರು ಈ ಒಂದು ಲೆಕ್ಕವನ್ನು ನೋಡಬೇಕು.

ಕ್ಯಾಂಪಿನ ಬದುಕು

ವಸಾಹತು ಹಲವು ಚಿಕ್ಕ ಹಳ್ಳಿಗಳಾಗಿ ಹರಡಿಕೊಂಡಿದೆ. ಗಡೀಪಾರಿನಲ್ಲಿರುವ ಕೇಂದ್ರೀಯ ಟಿಬೆಟನ್ ಆಡಳಿತ ನೇಮಿಸುವ ವಸಾಹತು ಅಧಿಕಾರಿ, ಒಂದು ಸಹಕಾರ ಸಂಘ, ಶಾಲೆ, ಆಸ್ಪತ್ರೆ ಇಲ್ಲಿವೆ. ಪೂರ್ವ ಟಿಬೆಟ್‌ನ ಖಾಮ್‌ನಲ್ಲಿ 17ನೇ ಶತಮಾನದಲ್ಲಿ ಸ್ಥಾಪನೆಯಾಗಿದ್ದ ಜೋಗ್‌ಚೆನ್ ಮಠ ಇಲ್ಲಿ ಮರುಹುಟ್ಟು ಪಡೆದಿದೆ. 1992ರಲ್ಲಿ ಅದನ್ನು ಉದ್ಘಾಟಿಸಿದವರು ದಲೈಲಾಮಾ.

ಬೇಸಾಯ ಬಹುಮಟ್ಟಿಗೆ ಮಳೆಯಾಶ್ರಿತ. ಮುಸುಕಿನ ಜೋಳ ಹಾಲುಗಾಳಾಗುವ ಹೊತ್ತಿಗೆ ಆನೆಗಳಿಗೆ ವಾಸನೆ ಹತ್ತುತ್ತದೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ಮಲೆಮಹದೇಶ್ವರನ ಕಾಡು. ಅಟ್ಟಣೆ ಹಾಕಿ, ಬೆಂಕಿ ಮಾಡಿ, ತಗಡು ಬಡಿದು ರಾತ್ರಿಯೆಲ್ಲ ಕಾಯಬೇಕು. ಪಕ್ಕದ ಹೊಲದಲ್ಲಿ ಕನ್ನಡದ ಕೂಗು, ಇತ್ತ ಟಿಬೆಟನ್ ಕೂಗು. ಆನೆಗೆ ಯಾರು ಪ್ರಜೆ, ಯಾರು ಪರದೇಶಿ ಎಂಬ ಭೇದವಿಲ್ಲ. ಸುಗ್ಗಿ ಮುಗಿದ ಮೇಲೆ ಚಳಿಗಾಲದ ಸ್ವೆಟರ್ ವ್ಯಾಪಾರ. ಲೂಧಿಯಾನದಿಂದ ಸಾಲಕ್ಕೆ ಮಾಲು ತಂದು ದೂರದ ಊರುಗಳ ಬೀದಿ ಬದಿಯಲ್ಲಿ ಎರಡು ಮೂರು ತಿಂಗಳು ಕೂರುತ್ತಾರೆ. ಆ ತಿಂಗಳುಗಳಲ್ಲಿ ಕ್ಯಾಂಪಿನಲ್ಲಿ ಉಳಿಯುವವರು ಹೆಚ್ಚಾಗಿ ಮುದುಕರು ಮತ್ತು ಮಕ್ಕಳು.

ಕಾಗದದ ಬದುಕು

ಟಿಬೆಟನ್ನರ ಎಲ್ಲ ವ್ಯವಹಾರವೂ ನಿಂತಿರುವುದು ‘ಆರ್‌ಸಿ’ ಎಂಬ ನೋಂದಣಿ ಪತ್ರದ ಮೇಲೆ. ಹದಿನಾರು ತುಂಬಿದ ಮೇಲೆ ಇದನ್ನು ಮಾಡಿಸಿಕೊಳ್ಳಬೇಕು. ಇದು ಕೊಡುವುದು ಇರುವ ಅನುಮತಿಯನ್ನು, ಅದೂ ಅವಧಿಗೆ ಕಟ್ಟುಬಿದ್ದು. ಮೊದಲೆಲ್ಲ ವರ್ಷವರ್ಷವೂ ಪೊಲೀಸ್ ವರಿಷ್ಠಾಧಿಕಾರಿಯ ಕಚೇರಿಯಲ್ಲಿ ನವೀಕರಣಕ್ಕೆ ನಿಲ್ಲಬೇಕಿತ್ತು. ಈಗ ಹೆಚ್ಚಿನವರಿಗೆ ಐದು ವರ್ಷಕ್ಕೊಮ್ಮೆ. ವಿದೇಶಕ್ಕೆ ಹೋಗಬೇಕಾದವರಿಗೆ ಪಾಸ್‌ಪೋರ್ಟ್ ಬದಲು ಹಳದಿ ರಟ್ಟಿನ ಗುರುತಿನ ಪುಸ್ತಕ. ಅದರ ಜೊತೆಗೆ ಭಾರತಕ್ಕೆ ಹಿಂತಿರುಗಲು ಆಕ್ಷೇಪವಿಲ್ಲ ಎಂಬ ಮುದ್ರೆ ಬೇಕು. ಇವರ ಬಾಯಲ್ಲಿ ಅದು ‘ನೋರಿ’. ಆ ಮುದ್ರೆ ಇಲ್ಲದೆ ಹೋದರೆ ಹುಟ್ಟಿದ ಊರಿಗೆ ಬರಲಾಗದು. ಹಳದಿ ಪುಸ್ತಕವನ್ನು ಎಷ್ಟೋ ವಿಮಾನ ನಿಲ್ದಾಣಗಳ ಅಧಿಕಾರಿಗಳು ಕಂಡೇ ಇರುವುದಿಲ್ಲ.

ಆರ್‌ಸಿ ಹೊಂದಿದವರಿಗೆ ವಿಧಾನಸಭೆ, ಲೋಕಸಭೆಗೆ ಮತವಿಲ್ಲ. ಸರ್ಕಾರಿ ನೌಕರಿ ಇಲ್ಲ. ಭೂಮಿ ಕೊಳ್ಳುವುದು ಸುಲಭವಲ್ಲ. ಹೀಗಿರುವಾಗ ಇವರ ಪರವಾಗಿ ವಾದಿಸುವವರ ದಿನನಿತ್ಯದ ಕೆಲಸ ಬಹುಪಾಲು ಅರ್ಜಿ ತುಂಬುವುದು, ಹೆಸರಿನ ಅಕ್ಷರ ತಪ್ಪಿದ್ದನ್ನು ತಿದ್ದಿಸುವುದು, ಜನನ ಪ್ರಮಾಣಪತ್ರ ಹುಡುಕಿಸುವುದು, ಅವಧಿ ಮುಗಿಯುವ ದಿನಾಂಕವನ್ನು ನೆನಪಿಸುವುದು. ಹೊರಗಿನವರಿಗೆ ಇದು ಸಣ್ಣ ಕೆಲಸವಾಗಿ ಕಾಣಬಹುದು. ಆದರೆ ಒಂದು ದಿನಾಂಕ ತಪ್ಪಿದರೆ ಇಲ್ಲೇ ಹುಟ್ಟಿದವನೂ ಅಕ್ರಮ ವಾಸಿಯಾಗುತ್ತಾನೆ.

ನ್ಯಾಯಾಲಯದ ದಾರಿ

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಅಪ್ಪ ಅಮ್ಮ ಇಬ್ಬರೂ ಟಿಬೆಟ್‌ನಲ್ಲಿ ಹುಟ್ಟಿ ಬಂದವರು. ಅಕ್ಕ ಒಡೆಯರಪಾಳ್ಯದಲ್ಲಿ ಹುಟ್ಟಿದ್ದು 1986ರಲ್ಲಿ, ತಮ್ಮ ಹುಟ್ಟಿದ್ದು 1988ರಲ್ಲಿ. 1955ರ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಇರಲಿ, ಹುಟ್ಟಿನಿಂದಲೇ ಭಾರತೀಯರು. ಅದರ ನಂತರ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ ನಂತರ ನಿಯಮ ಇನ್ನೂ ಬಿಗಿಯಾಯಿತು. ಹೀಗಾಗಿ ಒಂದೇ ತೊಟ್ಟಿಲಲ್ಲಿ ಮಲಗಿ, ಒಂದೇ ಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದಿದ ಇಬ್ಬರಲ್ಲಿ ಅಕ್ಕ ಪ್ರಜೆ, ತಮ್ಮ ವಿದೇಶಿ.

ಅಕ್ಕನ ಹಕ್ಕಾದರೂ ತಾನಾಗಿ ಕೈಗೆ ಬರಲಿಲ್ಲ. 1986ರಲ್ಲಿ ಹಿಮಾಚಲದಲ್ಲಿ ಹುಟ್ಟಿದ ನಾಮ್‌ಗ್ಯಾಲ್ ಡೋಲ್ಕರ್ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದಾಗ ನೀನು ಟಿಬೆಟನ್ ಎಂದು ತಿರಸ್ಕರಿಸಲಾಯಿತು. ಆಕೆ ಭಾರತೀಯಳೇ ಎಂದು ದೆಹಲಿ ಹೈಕೋರ್ಟ್ 2010ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. 2013ರಲ್ಲಿ ಟಿಬೆಟನ್ ಬೌದ್ಧ ಗುರು ಲಿಂಗ್ ರಿನ್‌ಪೋಚೆಯವರ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟೂ ಅದೇ ದಾರಿ ಹಿಡಿಯಿತು. ಅದರ ಬೆನ್ನಿಗೇ, 2014ರಲ್ಲಿ, ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಬೇಕೆಂದು ಚುನಾವಣಾ ಆಯೋಗ ಸೂಚಿಸಿತು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ ಮೇಲೆ, 2017ರಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಕೊಡಲು ಒಪ್ಪಿತು. ಆದರೆ ಆರ್‌ಸಿ ಮತ್ತು ಹಳದಿ ಪುಸ್ತಕ ಒಪ್ಪಿಸಬೇಕು, ವಸಾಹತಿನಲ್ಲಿ ವಾಸವಿರಬಾರದು, ನಿರಾಶ್ರಿತರ ಸವಲತ್ತು ಬಿಡಬೇಕು ಎಂಬ ಷರತ್ತುಗಳು ಅಂಟಿಕೊಂಡವು. ಹುಟ್ಟಿನಿಂದ ಬಂದ ಹಕ್ಕನ್ನು ಪಡೆಯಲು ಹುಟ್ಟಿದ ಮನೆ ಬಿಡು ಎನ್ನುವ ಷರತ್ತು ನ್ಯಾಯವಾದುದಲ್ಲ.

ಹಕ್ಕಿದ್ದರೂ ಅರ್ಜಿ ಹಾಕದವರು ಬಹಳ. ಭಾರತೀಯರಾದರೆ ಟಿಬೆಟ್‌ನ ಆಸೆಯನ್ನು ಬಿಟ್ಟಂತೆ ಎಂದು ಹಿರಿಯರು ನಂಬುತ್ತಾರೆ. ಈ ನಿಲುವನ್ನು ಗೌರವಿಸಬೇಕು. ಪೌರತ್ವ ಬೇಡವೆಂದವನಿಗೂ ಗೌರವದಿಂದ ಬಾಳುವ ಹಕ್ಕಿದೆ. ಇದಕ್ಕೆ ಸಂವಿಧಾನವೇ ಆಧಾರ. ಮಾತನಾಡುವ, ನೆಲೆಸುವ ಸ್ವಾತಂತ್ರ್ಯದ 19ನೇ ವಿಧಿ ‘ನಾಗರಿಕ’ರಿಗೆ ಮೀಸಲು. ಸಮಾನತೆಯ 14ನೇ ವಿಧಿ, ಜೀವಿಸುವ ಹಕ್ಕಿನ 21ನೇ ವಿಧಿ ಬಳಸುವ ಪದ ‘ವ್ಯಕ್ತಿ’. ಅರುಣಾಚಲದ ಚಕ್ಮಾ ನಿರಾಶ್ರಿತರನ್ನು ಓಡಿಸುವ ಬೆದರಿಕೆ ಬಂದಾಗ, 1996ರಲ್ಲಿ ಸುಪ್ರೀಂ ಕೋರ್ಟ್ ಈ ‘ವ್ಯಕ್ತಿ’ಯನ್ನೇ ಹಿಡಿದು ಅವರ ಜೀವ ಕಾಯುವುದು ರಾಜ್ಯದ ಹೊಣೆ ಎಂದಿತು. ನಿರಾಶ್ರಿತರ ಪರ ವಕೀಲರು ಇಂದಿಗೂ ಹೆಚ್ಚು ನೆಚ್ಚುವುದು ಈ ತೀರ್ಪನ್ನು. ಆದರೂ 2021ರ ಏಪ್ರಿಲ್‌ನಲ್ಲಿ ರೋಹಿಂಗ್ಯಾ ಪ್ರಕರಣದಲ್ಲಿ, ಕಾನೂನಿನ ಕ್ರಮದಂತೆ ಗಡೀಪಾರು ಮಾಡಲು ಅದೇ ನ್ಯಾಯಾಲಯ ಅಡ್ಡಿ ಹೇಳಲಿಲ್ಲ.

ನೀತಿಗಳು

2014ರ ಟಿಬೆಟನ್ ಪುನರ್ವಸತಿ ನೀತಿ ಚದುರಿಹೋಗಿದ್ದ ಆದೇಶಗಳನ್ನು ಮೊದಲ ಬಾರಿಗೆ ಒಂದೆಡೆ ತಂದಿತು. ವಸಾಹತಿನ ನೆಲಕ್ಕೆ 20 ವರ್ಷದ ಗುತ್ತಿಗೆ ಪತ್ರ, ಪಡಿತರ, ಉದ್ಯೋಗ ಖಾತರಿಯಂಥ ಯೋಜನೆಗಳ ಪ್ರಯೋಜನ, ವ್ಯಾಪಾರ ಪರವಾನಗಿ, ಸ್ವೆಟರ್ ಮಾರುವವರಿಗೆ ಜಾಗ ಇವೆಲ್ಲ ಅದರಲ್ಲಿವೆ. ಅದರ ಮರುವರ್ಷ ವಸಾಹತು ಕಚೇರಿಗಳ ಖರ್ಚಿಗೆಂದು ಕೇಂದ್ರ ಐದು ವರ್ಷಕ್ಕೆ 40 ಕೋಟಿ ರೂಪಾಯಿ ಮಂಜೂರು ಮಾಡಿತು. ಒಳ್ಳೆಯ ನೀತಿ. ಕೊರತೆಯೆಂದರೆ ಅದು ನೀತಿ ಮಾತ್ರ, ಕಾನೂನಲ್ಲ. ಸಂಸತ್ತಿನಲ್ಲಿ 2015ರಲ್ಲಿ ಶಶಿ ತರೂರ್ ಖಾಸಗಿ ಸದಸ್ಯರಾಗಿ ಆಶ್ರಯ ಮಸೂದೆ ತಂದರು. ಅದು ಅಂಗೀಕಾರವಾಗಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದ ಕೆಲವು ಮತಗಳವರಿಗೆ ದಾರಿ ಮಾಡಿತು. ಟಿಬೆಟನ್ನರೂ ಶ್ರೀಲಂಕಾ ತಮಿಳರೂ ಅದರ ಹೊರಗುಳಿದರು. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಗೊತ್ತುಪಡಿಸಿದ ಅವಧಿಯಲ್ಲಿ ಬಂದು ನೋಂದಾಯಿಸಿಕೊಂಡ ಟಿಬೆಟನ್ನರಿಗೆ, 2015ರ ಜನವರಿ 9ಕ್ಕೆ ಮೊದಲು ಬಂದು ನೋಂದಾಯಿಸಿಕೊಂಡ ಲಂಕಾ ತಮಿಳರಿಗೆ ಅದರಡಿ ವಿನಾಯಿತಿ ಆದೇಶ ಬಂದಿದೆ. ಇಲ್ಲಿಯೂ ನಿರಾಶ್ರಿತ ಎಂಬ ಸ್ಥಾನವನ್ನು ಕಾನೂನು ಗುರುತಿಸಿಲ್ಲ. ಶಿಕ್ಷೆಯಿಂದ ಬಿಡುಗಡೆ ಕೊಟ್ಟಿದೆ ಅಷ್ಟೆ.

ನೆರೆಯವರು, ಇತರರು

ಕ್ಯಾಂಪಿನವರಿಗೆ ನೆಲ, ಕರೆಂಟು, ಆಸ್ಪತ್ರೆ ಬಂತು, ನಮಗೇನು ಬಂತು ಎಂಬ ಮಾತು ಸುತ್ತಲಿನ ಭೂಮಿಯಿಲ್ಲದವರ ಬಾಯಲ್ಲಿ ಬಂದರೆ ಅದನ್ನು ಹಗೆ ಎಂದು ತಳ್ಳಿಹಾಕಬಾರದು. ಹಾಗೆ ಕೇಳಲು ಸೋಲಿಗರು ಹೆಚ್ಚು ಅರ್ಹರು. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಹಿಡಿದು ಅವರ ಸಂಘಗಳು ಹೋರಾಡಿದ ಮೇಲೆ, 2011ರ ಅಕ್ಟೋಬರ್‌ನಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಪೋಡುಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅದೇ ವರ್ಷ ಆ ಕಾಡು ಹುಲಿ ಮೀಸಲೂ ಆಯಿತು. ಇದ್ದ ನೆಲದಿಂದ ಎಬ್ಬಿಸಲ್ಪಟ್ಟವರು ಎಂಬ ಲೆಕ್ಕದಲ್ಲಿ ಸೋಲಿಗರೂ ಟಿಬೆಟನ್ನರೂ ಒಂದೇ ಸಾಲಿನವರು. ಒಬ್ಬರಿಗೆ ಕಾಯ್ದೆ ಸಿಕ್ಕಿತು, ಇನ್ನೊಬ್ಬರಿಗೆ ಸಿಕ್ಕಿಲ್ಲ.

ಕರ್ನಾಟಕದ ಬೇರೆ ಕಡೆಯೂ ಇಂಥ ನೆಲೆಗಳಿವೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಲಂಕೆಯ ಟೀ ತೋಟಗಳಿಂದ ಬಂದ ತಮಿಳರು ಸುಳ್ಯ, ಪುತ್ತೂರು ತಾಲ್ಲೂಕುಗಳ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿಯುತ್ತಿದ್ದಾರೆ. ಇವರಿಗೆ ಪೌರತ್ವವಿದೆ. ಜಾತಿ ಪ್ರಮಾಣಪತ್ರದ ತೊಡಕು ಮಾತ್ರ ಅವರ ಮಕ್ಕಳನ್ನು ಬಹುಕಾಲ ಕಾಡಿತು. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿದ್ದಾರೆ. ಅವರಲ್ಲಿ ಕೆಲವರಿಗೆ 2024ರಲ್ಲಿ ಪೌರತ್ವ ಪತ್ರ ಸಿಕ್ಕಿತು. ಬೆಂಗಳೂರಿನ ಹೊರವಲಯದಲ್ಲಿ ಚಿಂದಿ ಆಯುವ ರೋಹಿಂಗ್ಯಾ ಕುಟುಂಬಗಳಿಗೆ ನೆಲವೂ ಇಲ್ಲ, ಆರ್‌ಸಿಯೂ ಇಲ್ಲ. ಎಲ್ಲಿಂದ ಬಂದರು, ಯಾವಾಗ ಬಂದರು ಎಂಬುದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಬಾಳು. ಎಲ್ಲರಿಗೂ ಅನ್ವಯಿಸುವ ಒಂದು ನಿರಾಶ್ರಿತ ಕಾನೂನು ಬೇಕೆಂದು ಹಕ್ಕುಪರರು ಕೇಳುತ್ತ ಬಂದಿರುವುದು ಈ ಕಾರಣಕ್ಕೇ.

ಒಡೆಯರಪಾಳ್ಯದ ಜನಸಂಖ್ಯೆ ಈಗ ಇಳಿಮುಖ. 2008ರ ನಂತರ ಟಿಬೆಟ್‌ನಿಂದ ಹೊಸಬರು ಬರುವುದು ಬಹುತೇಕ ನಿಂತಿದೆ. ಇಲ್ಲಿ ಓದಿದ ಮಕ್ಕಳು ಅಮೆರಿಕ, ಕೆನಡಾ, ಫ್ರಾನ್ಸ್, ಬೆಲ್ಜಿಯಂಗಳಿಗೆ ಹೋಗುತ್ತಿದ್ದಾರೆ. ಕೆನಡಾದಲ್ಲಿ ಕಾಯಂ ನಿವಾಸಿಯಾದವನು ಐದು ವರ್ಷದಲ್ಲಿ 1,095 ದಿನ ಅಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಇಲ್ಲಿ ಇಪ್ಪತ್ತೈದು ವರ್ಷ ಬೆಳೆದು ಸಿಗದ ಪಾಸ್‌ಪೋರ್ಟ್ ಅಲ್ಲಿ ಕೆಲವೇ ವರ್ಷದಲ್ಲಿ ಕೈಗೆ ಬರುತ್ತದೆ. ವಸಾಹತು ಸಂರಕ್ಷಿತ ಪ್ರದೇಶವಾದ್ದರಿಂದ ವಿದೇಶಿ ಪಾಸ್‌ಪೋರ್ಟ್ ಉಳ್ಳವರು ಅಲ್ಲಿ ತಂಗಲು ದೆಹಲಿಯ ಗೃಹ ಸಚಿವಾಲಯದ ಪರವಾನಗಿ ಬೇಕು. ಹಾಗಾಗಿ ಟಿಬೆಟನ್ ಹೊಸ ವರ್ಷವಾದ ಲೋಸರ್ ಹಬ್ಬಕ್ಕೆಂದು ಟೊರೊಂಟೊದಿಂದ ಬರುವ ಮಗ, ತಾನು ಹುಟ್ಟಿದ ಮನೆಯಲ್ಲಿ ತಾಯಿಯ ಪಕ್ಕ ಒಂದು ರಾತ್ರಿ ಮಲಗಲು ತಿಂಗಳುಗಳ ಮೊದಲೇ ಅರ್ಜಿ ಹಾಕಿಕೊಂಡಿರಬೇಕು.